ಬೆಂಕಿಯಿಲ್ಲದ ದೀಪ, ಮೂರು ಶುಕ್ರವಾರ

ಪೇಚಿನ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಊರು ಬದಲಿಸಿ ನೋಡಿದ್ದೇನೆ, ಪ್ರಯೋಜನವಾಗಿಲ್ಲ. ರಂಗೂನಿಗೆ ಹೋದೆ, ಕಾಶ್ಮೀರಕ್ಕೆ ಹೋದೆ, ಏಡನ್ ಬಂದರಿನ ಬಿಸಿಲಲ್ಲಿ ಹಡಗಿಗಾಗಿ ಮೂರು ದಿನ ಕಾದೆ. ಅಲ್ಲಿ ಆದದ್ದೆಲ್ಲ ಸಣ್ಣಪುಟ್ಟದ್ದು. ದೊಡ್ಡವು ಮಾತ್ರ ಬೀದರಿಗೆ ಬಂದ ಮೇಲೆ, ಮಾಂಜ್ರಾ ನದಿಯ ನಡುನೀರಿನಲ್ಲಿ, ತಪ್ಪದೆ ಶುಕ್ರವಾರವೇ ಆದವು.

ಆಗ ನನ್ನದು ಹೆಣ್ಣುಮಕ್ಕಳ ಶಾಲೆಗಳನ್ನು ತಪಾಸಣೆ ಮಾಡುವ ಕೆಲಸ. ಇಂದು ಭಾಲ್ಕಿ, ನಾಳೆ ಔರಾದ, ನಡುವೆ ಬೀದರಿನ ಮನೆ. ಮನೆಯಲ್ಲಿ ನಾನು ಮತ್ತು ನನ್ನ ಸೋದರತ್ತೆ, ಇಬ್ಬರೇ. ನಿಜಾಮರ ಸರಕಾರದಲ್ಲಿ ವಾರದ ರಜೆ ಶುಕ್ರವಾರ. ಆ ಒಂದು ದಿನ ನಾಲ್ಕು ಗೋಡೆಯ ಒಳಗೆ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಮುಂಬಯಿಯಲ್ಲಿ ಸಣ್ಣದೊಂದು ಹಾಯಿದೋಣಿ ಕೊಂಡೆ. ಗೂಡ್ಸ್ ಗಾಡಿಯಲ್ಲಿ ಬೀದರಿನ ತನಕ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಜನವಾಡದ ಹೊಳೆದಂಡೆಯ ತನಕ ತಂದೆ. ದೋಣಿ ನಡೆಸಲು ಜನವಾಡದ ಒಬ್ಬ ಅಂಬಿಗ ಸಿಕ್ಕ. ಅವನ ಅಣ್ಣನಿಗೆ ದನಕರು, ಮಂದಿಯನ್ನು ದಾಟಿಸುವ ದೊಡ್ಡ ನಾವೆಯಿತ್ತು. ಅಲ್ಲಿ ಅಣ್ಣನ ಬೈಗುಳ ತಿನ್ನುತ್ತ ನೀರು ಗೋರುವುದನ್ನು ಬಿಟ್ಟು ಇವನು ನನ್ನ ಕಡೆ ಬಂದಿದ್ದ. ಹಾಗಾಗಿ ದೋಣಿ ಹೋದರೆ ನನ್ನ ಶುಕ್ರವಾರ ಹೋಗುತ್ತಿತ್ತು, ಅಣ್ಣನ ಬಳಿ ಮರಳಬೇಕಾಗಿ ಅವನ ಮಾನ ಹೋಗುತ್ತಿತ್ತು. ದೋಣಿ ಹೋಗುವ ಹೊತ್ತೂ ಬಂತು.

೧. ಮೂರು ಕಲಂ

ಒಂದು ಸಂಜೆ ಗಾಳಿಗೆ ಕಂದೀಲು ಜೋಲಿ ಹೊಡೆದು ಹಾಯಿಯ ಅಂಚಿಗೆ ಬೆಂಕಿ ತಾಗಿತು. ಅಂಬಿಗ ತನ್ನ ರುಮಾಲನ್ನು ನೀರಿನಲ್ಲಿ ಅದ್ದಿ ಬಡಿದು ಆರಿಸಿದ. ನಮಗೆ ಏನೂ ಆಗಲಿಲ್ಲ. ಆದರೆ ಎದುರಿಗೆ ಬರುತ್ತಿದ್ದ ನಾವೆಯವರಿಗೆ ಉರಿಯುವ ರೆಕ್ಕೆಯೊಂದು ನೀರಿನ ಮೇಲೆ ಹಾರಿ ಬಂದಂತೆ ಕಂಡಿತಂತೆ. ಎರಡು ಎತ್ತು ಹೊಳೆಗೆ ಜಿಗಿದವು. ಅವು ಈಜಿ ದಂಡೆಗೆ ಹೋಗಿ ಹಾಯಾಗಿ ಮೇಯುತ್ತ ನಿಂತವು. ಎತ್ತಿನವರ ಅರ್ಜಿ ಮಾತ್ರ ತಹಸೀಲಿಗೆ ಹೋಯಿತು.

ಎಂಟು ದಿನಕ್ಕೆ ಹುಕುಂ ಬಂತು. ಒಂದನೇ ಕಲಂ: ದೋಣಿಯಲ್ಲಿ ಯಾವ ಬಗೆಯ ಬೆಂಕಿಯೂ ಇರಕೂಡದು. ಎರಡನೇ ಕಲಂ: ಹೊತ್ತು ಮುಳುಗಿದ ಮೇಲೆ ದೋಣಿಯಲ್ಲಿ ದೀಪ ಇರಲೇಬೇಕು. ಮೂರನೇ ಕಲಂ: ಮೂರು ಶುಕ್ರವಾರ ತಹಸೀಲಿನ ಪೇಶ್ಕಾರರು ಖುದ್ದು ನೋಡತಕ್ಕದ್ದು, ದಂಡೆ ಮುಟ್ಟುವ ಮುಂಚೆ ಒಂದೇ ಸಲ ದೀಪ ಆರಿದರೂ ದೋಣಿ ಜಪ್ತಿ.

ನಾನು ದಫ್ತರಕ್ಕೆ ಓಡಿದೆ. ಪೇಶ್ಕಾರರು, ಎಂದರೆ ತಹಸೀಲಿನ ಕಾಗದಪತ್ರ ನೋಡುವವರು, ತೆಳ್ಳಗಿನ ಮನುಷ್ಯ. ಮೂಗಿನ ತುದಿಗೆ ಕನ್ನಡಕ, ಬಗಲಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು.

"ಬೆಂಕಿ ಇಲ್ಲದ ದೀಪ ನಾ ಎಲ್ಲಿಂದ ತರ್ಲಿ, ಸಾಹೇಬ್ರ?" ಎಂದೆ.

ಅವರು ಹುಕುಮನ್ನು ಎರಡು ಸಲ ಓದಿದರು. "ಬಾಯಿ ಸಾಹೇಬ, ಒಂದನೇ ಕಲಂ ಬರದವ್ರು ಬ್ಯಾರೆ, ಎರಡನೇ ಕಲಂ ಬರದವ್ರು ಬ್ಯಾರೆ. ನಾ ಬರದದ್ದು ಮೂರನೇದು ಅಷ್ಟೇ," ಎಂದರು.

೨. ತುಪ್ಪದ ಪಾತೇಲಿ

ಬೆಂಕಿಯಿಲ್ಲದ ದೀಪವೆಂದರೆ ಬಿಜಲಿ ದೀಪ. ಒಂದು ಮೋಟಾರು ಬ್ಯಾಟರಿ, ಮೋಟಾರಿನದೇ ಒಂದು ಬಲ್ಬು ತರಿಸಿದೆ. ಬ್ಯಾಟರಿಗೆ ಕರೆಂಟು ತುಂಬಿಸಲು ಭಾಲ್ಕಿಗೇ ಹೋಗಬೇಕು. ಅಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಎಣ್ಣೆಯ ಎಂಜಿನು, ಅದಕ್ಕೊಂದು ಡೈನಮೊ ಓಡುತ್ತಿತ್ತು, ಅದರ ಮಿಸ್ತ್ರಿ ಪರಿಚಯದವನು. ಗುರುವಾರ ತುಂಬಿಸಿಕೊಂಡು ಬಸ್ಸಿನಲ್ಲಿ ಬೀದರಿಗೆ ಹೊರಟೆ. ಮರುದಿನವೇ ಮೊದಲ ಶುಕ್ರವಾರ.

ಪಕ್ಕದಲ್ಲಿ ಖಟಕ ಚಿಂಚೋಳಿಯ ಒಬ್ಬ ಹೆಣ್ಣುಮಗಳು. ಬಾಣಂತಿ ಮಗಳಿಗೆಂದು ಹಿತ್ತಾಳೆಯ ದೊಡ್ಡ ಪಾತೇಲಿಯಲ್ಲಿ ತುಪ್ಪ ಒಯ್ಯುತ್ತಿದ್ದಳು. ಬಸ್ಸು ಒಂದು ಕುಣಿಯಲ್ಲಿ ಇಳಿದೇಳಿತು. ಬ್ಯಾಟರಿ ಸೋರಿತೇನೋ ಎಂದು ನಾನು ಅದರ ಮರದ ಮುಚ್ಚಳ ತೆಗೆದು ಬಗ್ಗಿ ನೋಡಿದೆ. ಮುಚ್ಚಳ ಮತ್ತೆ ಹಾಕುವಷ್ಟರಲ್ಲಿ ಆಕೆ, ತೊಡೆ ನೋಯುತ್ತಿತ್ತೋ ಏನೋ, ಪಾತೇಲಿಯನ್ನು ಅದರ ಮೇಲೆಯೇ ಇಟ್ಟುಬಿಟ್ಟಳು. ತಂತಿ ಹಚ್ಚಲೆಂದು ಬ್ಯಾಟರಿಗಿದ್ದ ಎರಡೂ ಕೊಂಬಿಗೆ ಹಿತ್ತಾಳೆ ತಾಗಿತು.

ಚಟಚಟ ಎಂದು ನೀಲಿ ಕಿಡಿ ಹಾರಿತು. ಗಂಧಕ ಸುಟ್ಟ ವಾಸನೆ. "ಬಾಂಬ್! ಬಾಂಬ್!" ಎಂದು ಯಾರೋ ಕೂಗಿದರು. ಬಸ್ಸು ನಿಲ್ಲುವ ಮೊದಲೇ ಮಂದಿ ಕಿಟಕಿಯಿಂದ ಜಿಗಿದರು. ಎಲ್ಲರಿಗಿಂತ ಮೊದಲು ಡ್ರೈವರ್. ನಾನು ಸೆರಗನ್ನು ಕೈಗೆ ಸುತ್ತಿಕೊಂಡು ಪಾತೇಲಿ ಎಳೆದೆ. ಇಷ್ಟಕ್ಕೇ ಬ್ಯಾಟರಿ ಸತ್ತರೆ ನಾಳೆ ದೀಪವಿಲ್ಲ, ದೀಪವಿಲ್ಲದಿದ್ದರೆ ದೋಣಿಯಿಲ್ಲ. ತಂತಿ ಹಚ್ಚಿ ನೋಡಿದೆ. ಪುಣ್ಯಕ್ಕೆ ಬಲ್ಬು ಹತ್ತಿತು.

ಖಾಲಿ ಬಸ್ಸಿನಲ್ಲಿ ಕೂತ ಜಾಗದಿಂದ ಅಲುಗದೆ ಇದ್ದವಳು ಆಕೆ ಒಬ್ಬಳೇ. ಪಾತೇಲಿಯ ಬಟ್ಟೆ ಸರಿಸಿ ಇಣುಕಿದಳು.

"ಮುಂಜಾನಿ ಥಂಡಿಗಿ ಕಲ್ಲಿನಂಗ ಗಟ್ಟಿ ಆಗಿತ್ತವ್ವಾ. ತಳದಾಗ ಎಷ್ಟು ಛಲೋ ಕರಗ್ಯಾದ ನೋಡು. ಮ್ಯಾಲಿಂದ ಇನ್ನಾ ಉಳದದ. ಬೀದರ ಬರೂತನಾ ಮತ್ತೊಮ್ಮಿ ಇಡ್ಲೇನು?"

೩. ಹಾಯಿಗೆ ಪಂಖಾ

ಮೊದಲ ಶುಕ್ರವಾರದ ತಪ್ಪು ಪೂರ್ತಿ ನನ್ನದೇ. ಅಷ್ಟು ದೊಡ್ಡ ಬ್ಯಾಟರಿಯಿಂದ ಒಂದೇ ಬಲ್ಬು ಉರಿಸುವುದು ಒಬ್ಬಳ ಊಟಕ್ಕೆ ಮದುವೆಯ ಹಂಡೆ ಇಟ್ಟಂತೆ ಕಂಡಿತು. ಮುಂಬಯಿಯಿಂದ ತಂದ, ಬ್ಯಾಟರಿಯಿಂದ ತಿರುಗುವ ಒಂದು ಸಣ್ಣ ಬಿಜಲಿ ಪಂಖಾ ಇತ್ತು, ಅದನ್ನೂ ದೋಣಿಗೆ ಒಯ್ದೆ. ಅತ್ತೆ ಹಗಲ ಬಿಸಿಲಿಗೆ ಅದರ ಮುಂದೆ ಕೂತು, "ಇದಕ್ಕೇನು ಮೇವು ಹಾಕಬೇಕಾಗಿಲ್ಲಲ್ಲ, ತಿರುಗ್ಲಿ ಬಿಡು," ಎಂದರು.

ಇಳಿಹೊತ್ತಿಗೆ ಗಾಳಿ ಪೂರ್ತಿ ಅಡಗಿತು. ನಡುಹೊಳೆಯಲ್ಲಿ ದೋಣಿ ಕಟ್ಟಿಹಾಕಿದ ಎಮ್ಮೆಯಂತೆ ನಿಂತಿತು. ದೂರದ ದಂಡೆಯಲ್ಲಿ ಪೇಶ್ಕಾರರು ಕುರ್ಚಿ ಹಾಕಿಸಿಕೊಂಡು ಕೂತದ್ದು ಕಾಣುತ್ತಿತ್ತು. ಹುಟ್ಟು ಇದ್ದದ್ದು ಒಂದೇ.

ಅಂಬಿಗ ತಲೆ ಕೆರೆದುಕೊಂಡ. "ಅಕ್ಕೋರೆ, ಹಾಯಿಗಿ ಬೇಕಾದದ್ದು ಗಾಳಿ. ಗಾಳಿ ಅಂತೂ ನಮ್ಮ ಕಡಿ ಅದ. ಜರಾ ಈ ಪಂಖಾ ಆ ಕಡಿ ತಿರುವಿದ್ರ?"

ಅತ್ತೆ ನನ್ನನ್ನು ನೋಡಿದರು. "ಇಷ್ಟು ದೇಶ ತಿರುಗಿದಿ, ಇಷ್ಟು ಸಾಲಿ ಕಲ್ತಿ. ನಿನಗ ಹೊಳೀಲಿಲ್ಲ ನೋಡು."

ನನಗೂ ಅದು ಸರಿಯೆಂದೇ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ. ಪಂಖಾ ಹಾಯಿಯ ಕಡೆ ತಿರುಗಿತು. ಹಾಯಿಗೆ ಚೂರು ಹೊಟ್ಟೆ ಬಂತು. ಮೂವರೂ ಉಸಿರು ಹಿಡಿದೆವು. ದೋಣಿ ಅಲುಗಲಿಲ್ಲ. ಇನ್ನೂ ಹತ್ತಿರ ಹಿಡಿದೆವು. ಅಲುಗಲಿಲ್ಲ. ಹೀಗೆ ಅರ್ಧ ತಾಸು ನಮ್ಮ ಬೆನ್ನನ್ನು ನಾವೇ ನೂಕಿಕೊಂಡು ನಿಂತೆವು.

ಹೊತ್ತು ಮುಳುಗಿತು. ದೀಪ ಹಚ್ಚಿದರೆ ಬೆಳಕು ಬಿಳಿಯದಲ್ಲ, ಒಣಮೆಣಸಿನಕಾಯಿಯ ಬಣ್ಣ. ಪಂಖಾ ಬ್ಯಾಟರಿಯನ್ನು ಕುಡಿದು ಮುಗಿಸಿತ್ತು. ಅಂಬಿಗ ಹುಟ್ಟು ಹಿಡಿದ, ನಾನು ಬುತ್ತಿಯ ತಾಟಿನಿಂದ ನೀರು ಹಿಂದಕ್ಕೆ ತಳ್ಳಿದೆ, ಅತ್ತೆ ಬಲ್ಬಿನ ಎದುರು ಕೂತು, "ಸ್ವಲ್ಪ ತಡಿ ನನ್ನಪ್ಪಾ, ಈಗ ಬಂತು, ಈಗ ಬಂತು," ಎಂದು ಅದನ್ನು ರಮಿಸುತ್ತಿದ್ದರು. ಮೆಣಸಿನಕಾಯಿ ಬೀಡಿಯ ತುದಿಯಾಯಿತು. ದೋಣಿ ದಂಡೆಗೆ ತಾಗಿದಾಗ ಬಲ್ಬಿನೊಳಗೆ ಕೆಂಪು ಕೂದಲೆಳೆಯೊಂದು ಮಾತ್ರ ಉಳಿದಿತ್ತು.

ಪೇಶ್ಕಾರರು ಬಂದು ಕನ್ನಡಕ ಏರಿಸಿ, ಬಗ್ಗಿ, ಮೂಗು ಬಲ್ಬಿಗೆ ತಾಗುವಷ್ಟು ಹತ್ತಿರ ನೋಡಿದರು. ಆಮೇಲೆ ಪ್ರಾಮಾಣಿಕವಾಗಿ ವರದಿ ಬರೆದರು: "ದೀಪ ಉರಿಯುತ್ತಿತ್ತು. ಅದನ್ನು ಕಾಣಲು ಇನ್ನೊಂದು ದೀಪ ತರಿಸಬೇಕಾಯಿತು."

೪. ಧೋತರದ ದಡಿ

ಎರಡನೇ ಶುಕ್ರವಾರ ಪಂಖಾ ಮನೆಯಲ್ಲೇ ಉಳಿಯಿತು. ಗಾಳಿ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಬ್ಯಾಟರಿ ಉರುಳದ ಹಾಗೆ ನಾನು ಅದನ್ನು ಹಗ್ಗದಿಂದ ಬಿಗಿದಿದ್ದೆ. ಅತ್ತೆಗೆ ಬುತ್ತಿಯ ಗಂಟು ಉರುಳೀತೆಂಬ ಚಿಂತೆ. ಕೇಳದೆ ಆ ಹಗ್ಗ ಬಿಚ್ಚಿ ಬುತ್ತಿಗೆ ಕಟ್ಟಿದರು.

ಒಂದು ಬೀಸು ಗಾಳಿಗೆ ದೋಣಿ ವಾಲಿತು. ರೊಟ್ಟಿ ಕದಲಲಿಲ್ಲ, ಬ್ಯಾಟರಿ ಕವುಚಿ ಅದರೊಳಗಿನ ಆಮ್ಲ ಹಲಗೆಯ ಮೇಲೆ ಹರಿದು ಅಂಬಿಗನ ಧೋತರಕ್ಕೆ ತಾಗಿತು.

"ಅಕ್ಕೋರೆ, ಮೀನಖಂಡ ಉರೀಲಿಕ್ಕತ್ತದ! ಹಲಗಿ ಹೊಗಿ ಆಡ್ಲಿಕ್ಕತ್ತದ!"

ನಾನು ಬ್ಯಾಟರಿ ಎತ್ತಿ ನಿಲ್ಲಿಸಿ ಅವನ ಕಾಲಿಗೆ ನೀರು ಸುರಿದೆ. ಮರಕ್ಕೆ ತೂತು ಬಿದ್ದರೆ ಜಪ್ತಿ ಮಾಡಲೂ ದೋಣಿ ಉಳಿಯುತ್ತಿರಲಿಲ್ಲ. ಅತ್ತೆ ಸೊಂಟದ ಚೀಲ ಬಿಚ್ಚಿ ವಿಭೂತಿಯ ಗಟ್ಟಿಯನ್ನು ಪುಡಿ ಮಾಡಿ ಹಿಡಿ ಹಿಡಿಯಾಗಿ ಹಲಗೆಗೆ ಎರಚಿದರು. ಸುಂಯ್ ಎಂದು ಬಿಳಿ ನೊರೆ ಎದ್ದಿತು, ಹೊಗೆ ನಿಂತಿತು. ಬೂದಿ ಆಮ್ಲವನ್ನು ಕೊಲ್ಲುತ್ತದೆಂದು ಭಾಲ್ಕಿಯ ಮಿಸ್ತ್ರಿ ಆಮೇಲೆ ಹೇಳಿದ. ಅತ್ತೆ ಒಂದಿಷ್ಟೂ ಬೆರಗಾಗಲಿಲ್ಲ. "ಅವಾ ಈಗ ಹೇಳ್ತಾನ. ನಾ ಹುಟ್ಟಿದಾಗಿಂದ ಹಚ್ಕೋತೀನಿ," ಎಂದರು.

ಉಳಿದ ಆಮ್ಲದಲ್ಲೇ ದೀಪ ಹೇಗೋ ದಂಡೆ ಮುಟ್ಟುವ ತನಕ ಉರಿಯಿತು. ಪೇಶ್ಕಾರರು ಸಹಿ ಹಾಕಿದರು. ಅಂಬಿಗ ಆ ದಪ್ಪ ದಡಿಯ, ಎಂದರೆ ಅಂಚಿನ, ಧೋತರ ಒಗೆದು ಒಣಗಿಸಿದ, ಮಡಚಿ ಇಟ್ಟ, ಮರುದಿನ ಅದನ್ನೇ ಉಟ್ಟು ಎಕಂಬಾದ ತನ್ನ ಅತ್ತೆ-ಮಾವನ ಮನೆಗೆ ಹೋದ. ಆಮ್ಲ ತಾಗಿದ ಬಟ್ಟೆ ನೋಡಲು ಚೆನ್ನಾಗಿದ್ದರೂ ಒಳಗೆ ಸತ್ತಿರುತ್ತದೆಂದು ಅವನಿಗೇನು ಗೊತ್ತು?

"ಊಟಕ್ಕ ಕುಂದ್ರುವಾಗ ಧೋತರ ಇತ್ರಿ ಅಕ್ಕೋರೆ," ಎಂದ ತಿರುಗಿ ಬಂದು. "ಏಳುವಾಗ ದಡಿ ಅಷ್ಟೇ ಇತ್ತು."

೫. ಮೌಕೆಯ ಮೇಲೆ ಮೊಹರು

ಮೂರನೇ ಶುಕ್ರವಾರ ಪೇಶ್ಕಾರರು ದಂಡೆಯಲ್ಲಿ ಕೂರಲಿಲ್ಲ, ದೋಣಿಯನ್ನೇ ಹತ್ತಿದರು. ಕೊನೆಯ ತಪಾಸಣೆಯ ಕಾಗದವನ್ನು ಮೌಕೆಯ ಮೇಲೆ, ಎಂದರೆ ನಡೆದ ಜಾಗದಲ್ಲೇ, ಬರೆದು ಮೊಹರು ಒತ್ತಬೇಕೆಂಬುದು ದಫ್ತರದ ಪದ್ಧತಿ. ಮುಕದ್ದಮೆಯ ಪೂರ್ತಿ ಮಿಸಲ್, ಎಂದರೆ ಕಡತ, ಅವರ ಬಗಲಲ್ಲಿತ್ತು: ಎತ್ತಿನವರ ಅರ್ಜಿ, ಹುಕುಂ, ಎರಡು ಶುಕ್ರವಾರದ ವರದಿ.

"ಬಿಡುಗಡಿ ಕಾಗದನೂ ತಂದೀನಿ, ಜಪ್ತಿ ಕಾಗದನೂ ತಂದೀನಿ," ಎಂದರು, ಎರಡೂ ಕೈಯಿಂದ ದೋಣಿಯ ಅಂಚು ಹಿಡಿದುಕೊಂಡು. "ಬಾಯಿ ಸಾಹೇಬ, ನನಗ ಈಜು ಬರಲ್ಲ."

ಮಿಸ್ತ್ರಿ ಹೊಸ ಆಮ್ಲ ಹಾಕಿ ಬ್ಯಾಟರಿ ತುಂಬಿಸಿ ಕೊಟ್ಟಿದ್ದ. ಗಾಳಿ ಹದವಾಗಿತ್ತು, ಅಲೆಯ ಸಿಡಿತಕ್ಕೆ ಹಾಯಿ, ಬಟ್ಟೆ ತೊಯ್ದದ್ದು ಬಿಟ್ಟರೆ ಚಿಂತೆಯಿರಲಿಲ್ಲ. ಹೊತ್ತು ಮುಳುಗಿದ ಮೇಲೆ ದೀಪ ಹಾಲಿನಂತೆ ಬೆಳಗಿತು. ಎಲ್ಲ ಸರಿಯಾಗಿದೆ ಎಂಬುದೇ ನನಗೆ ಭಯ. ನಡುಹೊಳೆಯಲ್ಲಿ ಪೇಶ್ಕಾರರು ಬಿಡುಗಡೆಯ ಕಾಗದ ಬರೆದು ಸಹಿ ಹಾಕಿದರು. ನಾನು ಕೈ ಚಾಚಿದೆ. ಅವರು ಜೇಬಿನಿಂದ ಅರಗಿನ ಕಡ್ಡಿ, ಹಿತ್ತಾಳೆಯ ಮೊಹರು ತೆಗೆದರು.

"ಅರಗು ಕರಗಿಸಬೇಕು."

ಅಂಬಿಗ ರುಮಾಲಿನಿಂದ ಕಡ್ಡಿಪೆಟ್ಟಿಗೆ ತೆಗೆದ.

"ಖಬರ್ದಾರ್! ಒಂದನೇ ಕಲಂ!"

"ದಂಡಿಗಿ ಹೋಗಿ ಒತ್ರಿ, ಸಾಹೇಬ್ರ," ಎಂದೆ.

"ಮೌಕಾ ಅಂದ್ರ ನೀರು. ದಂಡಿ ಮೌಕಾ ಅಲ್ಲ. ಮೊಹರಿಲ್ಲ ಅಂದ್ರ ಈ ಕಾಗದ ನಡೆಯಂಗಿಲ್ಲ, ನಾಳಿ ಜಪ್ತಿನೇ." ಅವರ ಕಣ್ಣು ಬ್ಯಾಟರಿಯ ಮೇಲೆ ಬಿತ್ತು. "ಇದರಾಗ ಬೆಂಕಿ ಇಲ್ಲ. ಬಿಸಿ ಅದ ಅಲ್ಲಾ?"

ಆಗಲ್ಲ ಎಂದರೆ ದೋಣಿ ಹೋಗುತ್ತದೆ. ಆಗಲಿ ಎಂದರೆ ದೀಪ ಹೋದೀತು. ಒಂದು ಬೊಟ್ಟು ಅರಗು ತಾನೇ ಎಂದು ತೆಳ್ಳಗಿನ ತಂತಿಯೊಂದನ್ನು ಬ್ಯಾಟರಿಯ ಎರಡು ಕೊಂಬಿಗೆ ಹಚ್ಚಿದೆ. ತಂತಿ ಕೆಂಪಾಯಿತು. ಅರಗು ತೊಟ್ಟಿಕ್ಕಿತು. ದೀಪ ಮಂಕಾಯಿತು. ಪೇಶ್ಕಾರರು "ಬಿಸ್ಮಿಲ್ಲಾ" ಎಂದು ಮೊಹರು ಎತ್ತಿದರು. ಚಟ್ ಎಂದಿತು. ಆ ಕಾವಿಗೆ ಬಲ್ಬಿಗೆ ಹೋಗುವ ತಂತಿಯೇ ಕರಗಿ ಬಿದ್ದು ಕತ್ತಲಾಯಿತು.

ಅಷ್ಟರಲ್ಲಿ ಎತ್ತಿನ ಕೊರಳ ಗಂಟೆ ಕೇಳಿತು. ಎದುರಿನಿಂದ, ನೆಟ್ಟಗೆ ನಮ್ಮ ಕಡೆಗೆ.

"ನಮ್ಮಣ್ಣನ ನಾವಿ!" ಎಂದು ಅಂಬಿಗ ಕಿರುಚಿದ. "ಅಣ್ಣಾ! ಬಲಕ್ಕ ಹೊಳ್ಳು!"

"ಯಾರಲೇ ಅದು? ಎಲ್ಲಿದ್ದಿ? ಏನೂ ಕಾಣವಲ್ದು!"

ಕತ್ತಲಲ್ಲಿ ಮನೆಯಷ್ಟು ದೊಡ್ಡ ಕಪ್ಪೊಂದು ಬೆಳೆಯುತ್ತ ಬಂತು. ಹೆಂಗಸರು, ಮಕ್ಕಳು ಕೂಗಿಕೊಳ್ಳುವುದು ಕೇಳಿತು.

"ಹಚ್ರೋ! ಏನಾರ ಹಚ್ರೋ!" ಎಂದರು ಪೇಶ್ಕಾರರು.

"ಒಂದನೇ ಕಲಂ, ಸಾಹೇಬ್ರ," ಎಂದರು ಅತ್ತೆ.

"ಮಣ್ಣಾಗ ಹೋಗ್ಲಿ ಕಲಂ!"

ಅಂಬಿಗ ಕಡ್ಡಿ ಗೀರಿದ. ಮೊದಲನೆಯದು ಮುರಿಯಿತು, ಎರಡನೆಯದು ಹತ್ತಿತು. ಹಚ್ಚುವುದು ಏನನ್ನು? ಹಾಯಿ ತೊಯ್ದಿತ್ತು, ಹಗ್ಗ ತೊಯ್ದಿತ್ತು, ನಮ್ಮ ಮೈಮೇಲಿನ ಬಟ್ಟೆಯೂ ತೊಯ್ದಿತ್ತು. ಇಡೀ ದೋಣಿಯಲ್ಲಿ ಒಣಗಿದ್ದದ್ದು ಒಂದೇ ವಸ್ತು. ಪೇಶ್ಕಾರರು ಅದನ್ನು ತಾವೇ ಬಗಲಿನಿಂದ ಎಳೆದು, ತಾವೇ ಕಡ್ಡಿಗೆ ಹಿಡಿದು, ಎದ್ದು ನಿಂತು ತಲೆಯ ಮೇಲೆ ಎತ್ತಿದರು. ಈಜು ಬಾರದವರು, ಅಲುಗುವ ದೋಣಿಯಲ್ಲಿ. ಅರ್ಜಿ, ಹುಕುಂ, ವರದಿ, ಬಿಡುಗಡೆ, ಜಪ್ತಿ, ಎಲ್ಲ ಒಂದೇ ಪಂಜಾಗಿ ಉರಿದವು.

ಅಣ್ಣನಿಗೆ ನಾವು ಕಂಡೆವು. ನಾವೆ ಹೊರಳಿತು. ಗೇಣಷ್ಟು ದೂರದಲ್ಲಿ ಸರಿದು ಹೋಗುವಾಗ ಎತ್ತೊಂದರ ಬಿಸಿಯುಸಿರು ನನ್ನ ಕತ್ತಿಗೆ ತಾಗಿತು.

ಬೆರಳು ಸುಡುವ ತನಕ ಹಿಡಿದಿದ್ದು ಪೇಶ್ಕಾರರು ಉಳಿದ ತುಂಡನ್ನು ಹೊಳೆಗೆ ಎಸೆದು ಕುಸಿದು ಕೂತರು. ಅಂಬಿಗನ ಹುಟ್ಟು ಅರ್ಧಕ್ಕೇ ನಿಂತಿತ್ತು. ಅವನು ಕೇಳಲಾರದ್ದನ್ನು ನಾನೇ ಕೇಳಿದೆ.

"ಸಾಹೇಬ್ರ, ದೀಪ ಆರಿತು. ದೋಣಿ ಜಪ್ತಿ ಏನ್ರಿ?"

ಅವರು ಬರಿದಾದ ಬಗಲನ್ನು ತಡವಿ ನೋಡಿಕೊಂಡರು. "ಯಾವ ಹುಕುಂ ಪ್ರಕಾರ ಜಪ್ತಿ ಮಾಡ್ಲಿ? ಹುಕುಂ ಸುಟ್ಟದ. ಅರ್ಜಿ ಸುಟ್ಟದ. ಮಿಸಲ್ ಇಲ್ಲ ಅಂದ್ರ ಮುಕದ್ದಮಾ ಇಲ್ಲ." ಹೇಳುತ್ತ ಹೇಳುತ್ತ ಅವರ ದನಿಗೆ ದಫ್ತರದ ಗತ್ತು ಮರಳಿತು. "ಬಾಯಿ ಸಾಹೇಬ, ಸರಕಾರದ ಕಾಗದದ ಪ್ರಕಾರ ಮಾಂಜ್ರಾ ಹೊಳಿಯಾಗ ಇಂಥಾದ್ದೊಂದು ದೋಣಿನೇ ಇಲ್ಲ!"

ಅತ್ತೆ ಕತ್ತಲಲ್ಲೇ ಅವರ ಕಡೆ ಬಗ್ಗಿದರು. "ಹಂಗಂದ್ರ ಸಾಹೇಬ್ರ, ನೀವೀಗ ಕುಂತದ್ದು ಯಾತರ ಮ್ಯಾಲ?"

ಪೇಶ್ಕಾರರು ಎರಡೂ ಕಾಲು ಮೇಲೆತ್ತಿಕೊಂಡು ಒಮ್ಮೆ ನೀರನ್ನು ನೋಡಿದರು.

"ಲಗೂ ದಂಡಿಗಿ ಹಚ್ಚೋ, ತಮ್ಮಾ," ಎಂದರು.