ಹದಿನೆಂಟನೆಯ ಅಧ್ಯಾಯ

ನಾನು ಹರಿದಿಲ್ಲ. ಆದರೂ ನಮ್ಮೂರ ವಾಚನಾಲಯದ ಸಮಿತಿಯವರು, ಪುಸ್ತಕವೊಂದರ ಕೊನೆಯ ಅಧ್ಯಾಯವನ್ನು ಹರಿದವನೆಂದು ನನ್ನ ಹೆಸರನ್ನು ಕರಿಹಲಗೆಯ ಮೇಲೆ ಬರೆದು, ಎರವಲು ಚೀಟಿಯನ್ನು ಕಿತ್ತುಕೊಂಡರು. ನಯಾಪೈಸೆ ಚಲಾವಣೆಗೆ ಬಂದ ಮರುವರ್ಷದ ಮಾತು, ಹುಣಸೆಯ ಸುಗ್ಗಿ. ಹನ್ನೊಂದು ದಿನ ಆ ಬರಹ ಅಳಿಯದೆ ನಿಂತಿತ್ತು. ಪುರವರದ ಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ದಿನ ಆ ಹಲಗೆಯನ್ನು ವಾಚನಾಲಯಕ್ಕೆ ಕೊಡಿಸಿದವನು ನಾನೇ ಎಂಬುದನ್ನು ಸಮಿತಿಯವರು ಮರೆತಿರಬಹುದು. ನಾನು ಮರೆಯುವವರ ಪೈಕಿಯಲ್ಲ.

ಇದಕ್ಕೆಲ್ಲ ಮೂಲ ನನ್ನ ಮೊಮ್ಮಗಳು ರಂಗಿ. ಆಗ ಹತ್ತು ವರ್ಷದವಳು. ಮಾತಿನಲ್ಲಿ ಚುರುಕು, ಕೆಲಸದಲ್ಲಿ ಅಚ್ಚುಕಟ್ಟು; ಆದರೆ ಅಕ್ಷರಗಳು ಮಾತ್ರ ಅವಳಲ್ಲಿ ನೆಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ತಿದ್ದಿದ ‘ಮರ’ ಸಂಜೆಗೆ ಅಪರಿಚಿತ. ಎರಡನೆಯ ತರಗತಿಯಲ್ಲಿ ಮೂರು ವರ್ಷ ಕೂತಿದ್ದಳು. ನಮ್ಮೂರ ಶಾಲೆಯ ಹೆಡ್‌ಮಾಸ್ತರರು ಅವಳ ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಿಂದ ‘ಗ್ರಹಿಕೆ ಇಲ್ಲ’ ಎಂದು ಬರೆದು, ಜೂನ್ ತಿಂಗಳಿಂದ ಕಳಿಸುವುದು ಬೇಡವೆಂದು ಹೇಳಿಕಳಿಸಿದ್ದರು. ಅವಳು ಓದಲಾರಳಾದರೆ ನಾನಾದರೂ ಓದಿ ಹೇಳುತ್ತೇನೆ ಎಂದು ಹಟ ತೊಟ್ಟು ವಾಚನಾಲಯದ ಮೆಟ್ಟಿಲು ಹತ್ತಿದೆ.

ಮಗುವಿಗೆ ಪುಸ್ತಕ ಆರಿಸುವುದು ಹೆಣ್ಣಿಗೆ ಗಂಡು ನೋಡುವುದಕ್ಕಿಂತ ಕಷ್ಟವೆಂದು ನನಗೆ ತಿಳಿದದ್ದು ಆಮೇಲೆ. ಮೊದಲು ತಂದದ್ದು ನೀತಿಬೋಧೆಯ ದಪ್ಪ ಗ್ರಂಥ. ನಡುಮನೆಯಲ್ಲಿ ನನ್ನ ಹೆಂಡತಿ ಮತ್ತು ರಂಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿರುವಾಗ, ಮಧ್ಯಾಹ್ನದ ಹೊತ್ತು, ಗಂಟಲು ಸರಿಮಾಡಿಕೊಂಡು ಆರಂಭಿಸಿದೆ. ಎರಡು ಪುಟ ಮುಗಿಯುವಷ್ಟರಲ್ಲಿ ರಂಗಿಯ ತಲೆ ತೂಗತೊಡಗಿತು.

“ಮಗೀಗೆ ನಿದ್ದೆ ಬರ್ಸಾಕೆ ಪುಸ್ತಕ ಯಾಕ್ರೀ ಬೇಕು?” ಎಂದಳು ಹೆಂಡತಿ. “ನೀವು ಸುಮ್ನೆ ಮಾತಾಡಿದ್ರೆ ಸಾಕಲ್ವಾ?”

ಈ ಮಾತನ್ನೂ ನಾನು ಮರೆತಿಲ್ಲ. ಎರಡನೆಯ ಪುಸ್ತಕದಲ್ಲಿ ಇಪ್ಪತ್ತು ಜನ ಮಂತ್ರಿಗಳಿದ್ದರು. ಯಾರು ಯಾರೆಂದು ನನಗೇ ತಿಳಿಯಲಿಲ್ಲ. ಹೀಗೆ ನಾಲ್ಕು ಪುಸ್ತಕ ಕೆಟ್ಟ ಮೇಲೆ ಕೆಲವು ಸೂತ್ರಗಳು ಕೈಗೆ ಬಂದವು. ಕಥೆಯಲ್ಲಿ ಐದಾರು ಜನಕ್ಕಿಂತ ಹೆಚ್ಚು ಇರಬಾರದು. ಒಂದು ಬುಟ್ಟಿ ಹುಣಸೆ ಮುಗಿಯುವುದರೊಳಗೆ ಒಂದು ಅಧ್ಯಾಯ ಮುಗಿಯಬೇಕು. ಮತ್ತು ಅಧ್ಯಾಯದ ಕೊನೆಯಲ್ಲಿ ಯಾರಾದರೂ ಬಾಗಿಲು ತಟ್ಟುತ್ತಿರಬೇಕು. ಮೂವತ್ತೆರಡು ವರ್ಷ ಪಾಠ ಹೇಳಿದವನಿಗೆ ಇಷ್ಟು ತಿಳಿಯಲು ನಾಲ್ಕು ಬುಟ್ಟಿ ಹುಣಸೆ ಬೇಕಾಯಿತು.

ಐದನೆಯದು ರಟ್ಟು ಕಳಚಿ ಹೆಸರೂ ಉಳಿಯದ ಪುಸ್ತಕ. ಒಬ್ಬ ಜಟಕಾ ಗಾಡಿಯವನ ಕುದುರೆ ಕಳುವಾಗುತ್ತದೆ. ಅವನು ಹಾಸಿಗೆ ಹಿಡಿಯುತ್ತಾನೆ. ಮಗಳು ಹುಡುಕುತ್ತ ಹೊರಡುತ್ತಾಳೆ. ರಂಗಿ ಕಥೆಯ ಪ್ರತಿಯೊಬ್ಬರಿಗೂ ಒಂದೊಂದು ಹುಣಸೆಬೀಜ ಎತ್ತಿಟ್ಟುಕೊಂಡಳು. ಮಾರನೆಯ ದಿನ ಅವನ್ನು ಹೊಸ್ತಿಲ ಮೇಲೆ ಜೋಡಿಸಿ, ಹಿಂದಿನ ಅಧ್ಯಾಯವನ್ನು ಒಂದು ಮಾತೂ ಬಿಡದೆ ಒಪ್ಪಿಸಿದ ಮೇಲೆಯೇ ಮುಂದಿನದು. ನಾನು ಬೇಸರಪಟ್ಟು ಅರ್ಧ ಪುಟ ಹಾರಿಸಿದರೆ, “ತಾತ, ಅವ್ಳು ಹೊಳೆ ದಾಟೇ ಇಲ್ಲ, ಆಚೆ ದಡಕ್ಕೆ ಹೆಂಗೆ ಬಂದ್ಬುಟ್ಲು?” ಎನ್ನುತ್ತಿದ್ದಳು.

ಹದಿನೇಳನೆಯ ಅಧ್ಯಾಯದ ಕೊನೆಯಲ್ಲಿ ಹುಡುಗಿ ಒಂದು ಲಾಯದ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಒಂದೇ ಬಣ್ಣದ ನಲವತ್ತು ಕುದುರೆ. ಪುಟ ತಿರುವಿದೆ. ಪುಟವಿಲ್ಲ, ಬರಿಯ ಹೊಲಿಗೆಯ ದಾರ. ಕಥೆಯ ಕೊನೆಯನ್ನು ಮೊದಲೇ ಇಣುಕಿ ನೋಡುವುದು ಅಪ್ರಾಮಾಣಿಕತೆ ಎಂಬ ನನ್ನ ನಿಯಮವೇ ನನಗೆ ಮುಳುವಾಯಿತು.

“ಹೋಗ್ಲಿ ಬುಡು ತಾತ,” ಎಂದಳು ರಂಗಿ, ಬೀಜ ಬಿಡಿಸುವುದನ್ನು ನಿಲ್ಲಿಸದೆ. “ಅವ್ಳು ಕುದ್ರೇನ ಹೆಸ್ರಿಡ್ದು ಕರೆಯಾಕಿಲ್ಲ. ಕಳ್ರು ಹೆಸ್ರು ಬದ್ಲಾಯ್ಸಿರ್ತಾರೆ. ಸುಮ್ನೆ ಬೆನ್ನು ತಿರುಗಿಸ್ಕಂಡು ನಿಂತ್ಕಂಡು ಎರಡು ಸಲ ಕೆಮ್ತಾಳೆ. ಒಂದೇ ಒಂದು ಕುದ್ರೆ ಮುಂದಕ್ಕೆ ಹೆಜ್ಜೆ ಇಕ್ತದೆ. ಅವ್ರಪ್ಪ ಗಾಡಿ ಹತ್ತುವಾಗ ಅಂಗೆ ತಾನೆ ಕೆಮ್ತಿದ್ದಿದ್ದು?”

ನನಗೆ ನೆನಪಿರಲಿಲ್ಲ. ಹಿಂದಕ್ಕೆ ತಿರುವಿದೆ. ಮೂರನೆಯ ಅಧ್ಯಾಯದಲ್ಲಿ, ಎರಡೇ ಸಾಲಿನಲ್ಲಿ, ಆ ಕೆಮ್ಮು ಇತ್ತು. ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ನಾನು ಕನ್ನಡಕ ತೆಗೆದು ಆ ಮಗುವನ್ನು ನೋಡಿದೆ. ಮಧುಗಿರಿಯ ಬೆಟ್ಟವನ್ನು ಮೊದಲ ಸಲ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದಾಗಲೂ ನನಗೆ ಹಾಗೆ ಮಾತು ಕಟ್ಟಿರಲಿಲ್ಲ.

ಪುಸ್ತಕ ಹಿಂದಿರುಗಿಸಿದಾಗ ಪುಟಗಳಿಲ್ಲದ್ದು ಬಯಲಾಯಿತು. ಸಮಿತಿ ನನ್ನನ್ನು ಕರೆಸಿತು. ಅದರ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ರಂಗಿಯ ಹೆಡ್‌ಮಾಸ್ತರರೇ. ಅವಳ ಗ್ರಹಿಕೆಯನ್ನು ಇವರೂ ಒಮ್ಮೆ ಕಣ್ಣಾರೆ ಕಾಣಲಿ ಎಂದು ಅವಳನ್ನು ಕರೆದೊಯ್ದೆ. ಅದು ನನ್ನ ಜಂಬ. ಅವಳು ಮೇಜಿನ ಮೇಲೆ ಬೀಜ ಜೋಡಿಸಿ, ಹದಿನೆಂಟೂ ಅಧ್ಯಾಯಗಳನ್ನು ಹೇಳಿದಳು. ಕೆಮ್ಮು ಬಂದಾಗ ಸದಸ್ಯರೆಲ್ಲ ಉಸಿರು ಬಿಗಿಹಿಡಿದಿದ್ದರು.

ಕಾರ್ಯದರ್ಶಿಗಳು ಮೆಲ್ಲಗೆ, “ಕೊನೆ ಅಧ್ಯಾಯ ಎಷ್ಟು ಚೆನ್ನಾಗಿ ಹೇಳ್ತಲ್ಲ ಮಗು,” ಎಂದರು. “ಅಂದ್ಮೇಲೆ ಮೇಷ್ಟ್ರೇ, ನೀವು ತಗೊಂಡು ಹೋದಾಗ ಪುಟ ಇತ್ತು ಅಂತಾಯ್ತು.”

“ಅದು ಪುಸ್ತಕದ್ದಲ್ಲ. ಅವಳದೇ ಕಲ್ಪನೆ,” ಎಂದೆ.

“ಎರಡನೇ ಕ್ಲಾಸಲ್ಲಿ ಮೂರು ವರ್ಷ ಕೂತಿರೋ ಮಗೂದಾ?” ಎಂದು ಅವರು ನಕ್ಕರು. ಸದಸ್ಯರೂ ನಕ್ಕರು. ಸಾಯಂಕಾಲ ಹಲಗೆಯ ಮೇಲೆ ನನ್ನ ಹೆಸರಿತ್ತು.

ಒಂದು ಮಾತನ್ನು ಮುಚ್ಚಿಡಬಾರದು. ಆ ಕಾರ್ಯದರ್ಶಿಗಳು ಒಂದು ಕಾಲಕ್ಕೆ ಪುರವರದಲ್ಲಿ ನನ್ನ ಕೈಕೆಳಗಿನ ಉಪಾಧ್ಯಾಯರು. ‘ಗ್ರಹಿಕೆ ಇಲ್ಲ’ ಎಂಬ ಎರಡು ಪದಗಳನ್ನು ಕೆಂಪು ಶಾಯಿಯಲ್ಲಿ ಬರೆಯುವುದನ್ನು ಅವರು ಕಲಿತದ್ದು ನನ್ನಿಂದಲೇ. ನಾನು ಎಷ್ಟು ಮಕ್ಕಳ ಹೆಸರಿನ ಮುಂದೆ ಅದನ್ನು ಬರೆದೆನೋ ನೆನಪಿಲ್ಲ. ನನಗೆ ನೆನಪಿರುವುದೆಲ್ಲ ಇತರರು ನನಗೆ ಮಾಡಿದ್ದು.

ಆದ್ದರಿಂದ ಹನ್ನೊಂದನೆಯ ದಿನ ಹೀಗೆ ಬರೆದು ಕಳಿಸಿದೆ: ಸಮಿತಿಯ ಮಹನೀಯರೇ, ನನ್ನ ಹೆಸರು ಹಲಗೆಯ ಮೇಲೆ ಇನ್ನೂ ಹನ್ನೊಂದು ದಿನ ಇರಲಿ, ನಾನು ತಕರಾರು ತೆಗೆಯುವುದಿಲ್ಲ. ಆದರೆ ನೀವೆಲ್ಲ ಅಚ್ಚಿನ ಪುಸ್ತಕದ್ದೇ ಎಂದು ನಂಬಿ ಉಸಿರು ಬಿಗಿಹಿಡಿದು ಕೇಳಿದ ಆ ಅಧ್ಯಾಯವನ್ನು ಕಟ್ಟಿದವಳು ಜೂನ್ ತಿಂಗಳ ಮೊದಲ ಸೋಮವಾರ ನಿಮ್ಮ ಶಾಲೆಯ ಬಾಗಿಲಲ್ಲಿ ಬಂದು ನಿಂತಾಗ, ಅವಳನ್ನು ಯಾವ ತರಗತಿಯಲ್ಲಿ ಕೂರಿಸುತ್ತೀರಿ?