ಓಣಿಯ ಅಕ್ಕ ಅಧ್ಯಕ್ಷೆಯಾದಳು

ಒಂದು ಸಾಲು ಬರೆದಿಲ್ಲ, ಆಗಲೇ ಮತ್ತೆ ಎಬ್ಬಿಸಿದರು. ಮಗಳಿಗೆ ರೊಟ್ಟಿ ಬೇಕು, ಅತ್ತೆಗೆ ಕನ್ನಡಕ ಬೇಕು. ಅದು ಅವರ ಮೂಗಿನ ಮೇಲೇ ಇರುತ್ತದೆ. ಈಗಷ್ಟೇ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಏನ್ ಬರಿಯಾಕತ್ತೀ? ನಮ್ಮ ಸುದ್ದಿ ಹಾಕಬ್ಯಾಡ ಮತ್ತ" ಎಂದು, ತನ್ನ ಸುದ್ದಿಯನ್ನೆಲ್ಲ ಹೇಳಿ ಹೋದಳು. ಆದರೂ ಬರೆಯುತ್ತೇನೆ. ನಮ್ಮ ಅಕ್ಕ ಅಧಿಕಾರಕ್ಕೆ ಬಂದಾಗಿನಿಂದ ಇಲ್ಲಿ ನಗುವುದಕ್ಕೆ ಬರವಿಲ್ಲ.

ಸವಣೂರಿನ ಅಂಚಿನಲ್ಲಿ ತಗಡಿನ ಮನೆಗಳ ಓಣಿ ನಮ್ಮದು. ಈ ಅಕ್ಕ ಗಟಾರ, ರೇಶನ್, ಹಕ್ಕುಪತ್ರ ಅಂತ ವರ್ಷಗಟ್ಟಲೆ ನಮ್ಮನ್ನು ಕಟ್ಟಿಕೊಂಡು ಕಚೇರಿಗಳ ಮುಂದೆ ಧರಣಿ ಕೂತವಳು. ಸರ್ಕಾರ ಅವಳನ್ನೇ ಬಡವರ ಓಣಿಗಳ ಸಮಿತಿಗೆ ಅಧ್ಯಕ್ಷೆ ಮಾಡಿತು. ಇನ್ನೇನು, ಓಣಿಗೆ ನೀರಿನ ನಳ ಬಂದಂತೆಯೇ ಎಂದುಕೊಂಡೆವು.

ಮೊದಲ ದಿನ

ಜೊತೆಗೆ ನಾನೂ ಹೋಗಿದ್ದೆ. ಅಕ್ಕ ರೂಢಿಯಂತೆ ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಸಿಪಾಯಿ ಬಂದ.

"ಇವತ್ತ ಯಾರನ್ನೂ ಒಳಗ ಬಿಡಂಗಿಲ್ರಿ. ಹೊಸಾ ಮೇಡಂ ಬರಾಕತ್ತಾರ."

"ಹೆಂಗದಾರಂತ ಮೇಡಂ?" ಅಕ್ಕ ಕೇಳಿದಳು.

"ಭಾಳ ಜಗಳಗಂಟಿ ಅಂತ್ರಿ."

"ಹೌದಾ? ಹಂಗಾರ ಆಕಿ ಬರೂದ್ರಾಗ ಚಾ ಕುಡದು ಬರೂಣು ಬಾ."

ಚಹಾ ಮುಗಿಸಿ ಅಕ್ಕ ಸೀದಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಸಿಪಾಯಿ ಪರದೆಯ ಹಿಂದೆ ಅಡಗಿದ. ಕಾಲು ಮಾತ್ರ ಕಾಣುತ್ತಿದ್ದವು. ಅಕ್ಕ ಆ ಕಾಲಿಗೇ ಹೇಳಿದಳು: "ಜಗಳ ನಾಳೆ ಸುರು ಮಾಡ್ತೇನಿ. ಇವತ್ತ ಕಿಡಕಿ ತೆಗಿಯಪಾ."

ಸರ್ಕಾರಿ ಜೀಪು

ಶಿಗ್ಗಾವಿಗೆ ಸಭೆಗೆ ಹೊರಟರೆ, ಹಾದಿಯಲ್ಲಿ ಯಾರು ಕೈ ಮಾಡಿದರೂ ಅಕ್ಕ ಜೀಪು ನಿಲ್ಲಿಸುತ್ತಾಳೆ. ಚಾಲಕ ಗೊಣಗಿದ: "ಮೇಡಂ, ಇದು ಸರ್ಕಾರಿ ಗಾಡಿರಿ. ಬಾಡಿಗಿ ಟಂಟಂ ಆಟೋ ಅಲ್ಲ."

"ಸರ್ಕಾರ ಇವರದಲ್ಲೇನು? ಸರಿಸಿ ಕುಂದ್ರಸು."

ಮೇವಿನ ಹೊರೆ ತೊಡೆಯ ಮೇಲಿಟ್ಟುಕೊಂಡ ಮುದುಕಿ ಹಿಂದಿನಿಂದ ಅವನ ಬೆನ್ನು ತಟ್ಟಿದಳು: "ತಮ್ಮಾ, ನನ್ನ ಬಂಕಾಪುರದಾಗ ಇಳಸು. ಹಾರ್ನ್ ಹೊಡಿ, ಇನ್ನಾ ಮಂದಿ ಬರ್ತಾರ."

ಬರಿಗೊಡ

ಇಷ್ಟೆಲ್ಲ ಆದರೂ ನಳ ಬರಲಿಲ್ಲ. ಟ್ಯಾಂಕರಿನ ನೀರಿಗೆ ಗುದ್ದಾಡಿ ನನ್ನ ಕೈಯಲ್ಲಿ ಬಳೆ ಉಳಿದಿರಲಿಲ್ಲ. "ಮ್ಯಾಲಿಂದ ಮಂಜೂರಿ ಬರಬೇಕವಾ" ಎಂಬ ಮಾತನ್ನು ಅಕ್ಕನ ಬಾಯಲ್ಲೇ ಕೇಳಿದಾಗ ಮೈ ಉರಿಯಿತು. ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ಕಲಿಸಿದವಳೂ ಅವಳೇ. ಮರುದಿನ ಓಣಿಯ ಹೆಂಗಸರೆಲ್ಲ ಬರಿಗೊಡ ಹಿಡಿದು ಅವಳ ಕಚೇರಿಯ ಮುಂದೆಯೇ ಕೂತೆವು. ಘೋಷಣೆ ಹಾಕಲು ನಾನು ಎದ್ದೆ. ನಾಚಿಕೊಂಡು ಸಣ್ಣ ದನಿಯಲ್ಲಿ ಒದರಿದೆ.

ಅಕ್ಕ ದಡದಡ ಹೊರಗೆ ಬಂದಳು. ಬೈಯುತ್ತಾಳೆಂದುಕೊಂಡೆ. ಬೈದಳು: "ಹಿಂಗೇನು ಒದರೂದು? ಬಾಣಂತಿ ಜೋಗುಳ ಹಾಡಿದಂಗ! ಎತ್ರಿ ಕೊಡಾ!"

ನನ್ನ ಕೊಡ ಕಸಿದು ಮೇಲೆತ್ತಿ, "ಬೇಕೇ ಬೇಕು!" ಎಂದಳು.

"ನೀರು ಬೇಕು!" ಎಂದೆವು.

ಅಕ್ಕನಿಗೆ ಹಳೆಯ ಹುರುಪು ಬಂತು. "ಒಳಗ ಕುಂತ ಅಧ್ಯಕ್ಷರು ಹೊರಗ ಬರಬೇಕು!"

"ಬರಬೇಕು! ಬರಬೇಕು!"

ಬಾಗಿಲು ತೆರೆದೇ ಇತ್ತು. ಖಾಲಿ ಕುರ್ಚಿ ಎಲ್ಲರಿಗೂ ಕಾಣುತ್ತಿತ್ತು. ಅಕ್ಕ ಎತ್ತಿದ ಕೊಡ ಇಳಿಸದೆ ನನ್ನ ಕಿವಿಯತ್ತ ಬಾಗಿ ಕೇಳಿದಳು:

"ತಂಗಿ, ಈಗ ಒಳಗಿಂದ ಯಾರ್ ಬರಬೇಕವಾ?"