ನಂಜಪ್ಪ ಕಾಣೆಯಾಗಿದ್ದಾನೆ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಮಾತು ತೇಲಿಸಿಬಿಡುತ್ತೇನೆ. ಡಾಕ್ಟರ ಮುಂದೆ ಜನ ನಾಲಿಗೆ ಚಾಚುತ್ತಾರೆ, ವಕೀಲರ ಮುಂದೆ ಸೈಟಿನ ತಕರಾರು ಬಿಚ್ಚುತ್ತಾರೆ. ನಾನೊಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಎದೆಯುಬ್ಬಿಸಿ, "ಗ್ರಂಥಾಲಯದ ಹಳೇ ಪತ್ರಿಕೆಗಳನ್ನ ಸ್ಕ್ಯಾನ್ ಮಾಡಿ ಉಳಿಸ್ತೀವಿ" ಎಂದೆ. ಪಕ್ಕದ ಎಲೆಯವರು ಪಾಯಸ ಬಿಟ್ಟು ತಿರುಗಿ, "ಒಳ್ಳೇದಾಯ್ತು ಕಣ್ರೀ, ನಮ್ಮ ಅಟ್ಟದ ಮೇಲೆ ಎರಡು ಮೂಟೆ ಇದೆ, ಕೆಜಿಗೆ ಏನ್ ಕೊಡ್ತೀರಿ?" ಎಂದು ಕೇಳಿದರು. ಅಂದಿನಿಂದ "ಕಂಪ್ಯೂಟರ್ ಕೆಲಸ" ಎನ್ನುತ್ತೇನೆ. ಬೆಂಗಳೂರಿನಲ್ಲಿ ಹಾಗೆಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ.

ನಮ್ಮ ಆಫೀಸು ಪೀಣ್ಯದಲ್ಲಿದೆ, ಕಾರ್ಖಾನೆಗಳ ನಡುವೆ. ಜ್ಞಾನಭಂಡಾರಕ್ಕೆ ಪೀಣ್ಯವೇ ಯಾಕೆಂದರೆ ಬಾಡಿಗೆ ಕಡಿಮೆ, ಅಷ್ಟೆ. ಪಕ್ಕದ ಶೆಡ್ಡಿನಲ್ಲಿ ವಾಷರ್ ಹೊಡೆಯುವ ಪವರ್ ಪ್ರೆಸ್ಸಿದೆ. ಅದು ಧಡ್ ಎಂದು ಬಿದ್ದಾಗಲೆಲ್ಲ ನಮ್ಮ ಕ್ಯಾಮೆರಾ ನಡುಗಿ, ಹಳೆಯ ಮಂತ್ರಿಗಳಿಗೆಲ್ಲ ಎರಡೆರಡು ಮೂಗು ಬರುತ್ತದೆ. ಹಾಗಾಗಿ ಎರಡು ಧಡ್‌ಗಳ ನಡುವೆ ಉಸಿರು ಹಿಡಿದು ಕ್ಲಿಕ್ಕಿಸುವುದನ್ನು ಕಲಿತಿದ್ದೇವೆ. ಫ್ಯಾನು ಹಾಕುವಂತಿಲ್ಲ, ಹಾಕಿದರೆ ಹಪ್ಪಳದಂತಾಗಿರುವ ಪುಟಗಳು ಚೂರುಚೂರಾಗಿ ಹಾರುತ್ತವೆ. ಸೀನುವಂತೆಯೂ ಇಲ್ಲ. ಆ ಧೂಳಿನಲ್ಲಿ ಸೀನದೆ ಇರುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಸಂಜೆ ಮೆಟ್ರೊದಲ್ಲಿ ಕಂಬ ಹಿಡಿದು ನಿಂತರೂ ತಲೆಯೊಳಗೆ ಧಡ್ ಧಡ್ ನಡೆದೇ ಇರುತ್ತದೆ.

ಇಷ್ಟು ಗುಟ್ಟಾಗಿಟ್ಟ ನನ್ನ ಕಸುಬನ್ನು ನನ್ನ ಹೆಂಡತಿ ತರಕಾರಿ ಗಾಡಿಯ ಹತ್ತಿರ ಬಯಲು ಮಾಡಿದಳು. ಆ ಭಾನುವಾರವೇ ನಮ್ಮ ಬೀದಿಯ ನಂಜಪ್ಪನವರು ಬಂದರು. ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ರಿಟೈರಾದವರು, ವಯಸ್ಸು ಎಪ್ಪತ್ತರ ಆಸುಪಾಸು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ಸಾರ್, ಎಸ್ಸೆಸ್ಸೆಲ್ಸಿ ಫೇಲಾದಾಗ ನಾನು ಮನೆ ಬಿಟ್ಟು ಓಡೋಗಿದ್ದೆ. ಗೌರಿ ಹಬ್ಬದ ಹೊತ್ಗೆ ಹೊಟ್ಟೆ ತಾಳ್ನಿಲ್ಲ, ನಾನೇ ವಾಪಸ್ ಬಂದೆ. ಎಲ್ಲಿದ್ದೆ ಅಂತ ನಮ್ಮಪ್ಪ ಒಂದು ಮಾತು ಕೇಳ್ನಿಲ್ಲ. 'ನಿಮ್ಮಪ್ಪ ಪೇಪರ್ನಾಗೆ ಆಕ್ಸಿದ್ರು ಕಣ್ಲಾ' ಅಂತ ನಮ್ಮವ್ವ ಸಾಯೋಗಂಟ ಹೇಳ್ತಿದ್ಲು. ನಾನು ನಂಬ್ನಿಲ್ಲ. ಅವ್ರು ನನ್ನ ಹುಡುಕ್ಸಿದ್ರೋ ಇಲ್ವೋ, ಅಷ್ಟು ನೋಡಿ ಹೇಳ್ಬುಡಿ ಸಾರ್."

ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಬಂದುಬಿಡುತ್ತದೆ ಎಂದು ಅವರ ನಂಬಿಕೆ. ಬರುವುದಿಲ್ಲ. ಹುಡುಕಿದರೆ ಸಿಗುವಂತೆ ನಾವು ಮಾಡುವುದು ಸುದ್ದಿಗಳನ್ನು ಮಾತ್ರ; ಜಾಹೀರಾತುಗಳಿಗೆಲ್ಲ ಒಂದು ಚೌಕ ಹಾಕಿ ಮುಂದಕ್ಕೆ ಹೋಗುತ್ತೇವೆ. ತಲೆನೋವಿನ ಮುಲಾಮು, ಕೂದಲೆಣ್ಣೆ, ಓಡಿಹೋದ ಮಕ್ಕಳು ಎಲ್ಲ ಆ ಚೌಕದೊಳಗೆ ಒಟ್ಟಿಗೆ ಇರುತ್ತಾರೆ. ಕಣ್ಣಿಟ್ಟು ಓದಿಯೇ ಹುಡುಕಬೇಕು. "ಕಷ್ಟ ಇದೆ ನಂಜಪ್ಪನವರೇ" ಎಂದೆ. "ಆಗ್ಲಿ ಸಾರ್, ನಿಧಾನಕ್ಕೆ ನೋಡಿ" ಎಂದವರು ಮುಂದಿನ ಭಾನುವಾರ ಮತ್ತೆ ಹಾಜರು. ಅದರ ಮುಂದಿನ ಭಾನುವಾರವೂ. ಬರುವಾಗ ಕೋಡುಬಳೆ ತರುತ್ತಿದ್ದರು. ಅಷ್ಟು ತಿಂದಮೇಲೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೀಗಾಗಿ ಊಟದ ಬಿಡುವಿನಲ್ಲಿ ಮೊಸರನ್ನದ ಡಬ್ಬಿ ಹಿಡಿದು ಕಾಣೆಯಾದವರನ್ನು ಹುಡುಕತೊಡಗಿದೆ. ಆ ಕಾಲದಲ್ಲಿ ಎಷ್ಟು ಹುಡುಗರು ಓಡಿಹೋಗುತ್ತಿದ್ದರು ಅಂತೀರಿ! ಎಲ್ಲರಿಗೂ ಗೋಧಿ ಬಣ್ಣ, ದುಂಡು ಮುಖ. ಎಲ್ಲರ ತಾಯಂದಿರೂ ಹಾಸಿಗೆ ಹಿಡಿದಿದ್ದರು. ಓದಿ ಓದಿ ನನಗೇ ಮನೆ ಬಿಟ್ಟು ಹೋಗಬೇಕೆನಿಸುತ್ತಿತ್ತು. ಈ ಮುದುಕರಿಗೆ ಈಗ್ಯಾಕೆ ಬೇಕಿತ್ತು, ಅಪ್ಪ ಹೋಗಿ ಎಷ್ಟೋ ಕಾಲವಾಯಿತು ಎಂದು ಗೊಣಗಿಕೊಂಡೆ. ಇಲ್ಲವೆಂದು ಒಂದು ಸುಳ್ಳು ಹೇಳಿ ಕೈತೊಳೆದುಕೊಳ್ಳೋಣ ಎಂದೂ ಯೋಚಿಸಿದೆ. ಕೊನೆಗೆ ಶ್ರಾವಣದ ಒಂದು ಪುಟದಲ್ಲಿ, ಕೂದಲೆಣ್ಣೆಯ ಪಕ್ಕದಲ್ಲಿ, ಸಿಕ್ಕಿಬಿಟ್ಟ.

ಪ್ರಿಂಟು ತೆಗೆದು ಭಾನುವಾರ ಅವರ ಕೈಗಿತ್ತೆ. ಕನ್ನಡಕ ಏರಿಸಿ ಜೋರಾಗಿ ಓದಿದರು: "ಕಾಣೆಯಾಗಿದ್ದಾನೆ. ನಂಜಪ್ಪ, ಹದಿನಾರು ವರ್ಷ, ಕಪ್ಪು ಬಣ್ಣ, ಎಡ ಹುಬ್ಬಿನ ಮೇಲೆ ಗಾಯದ ಗುರುತು. ನಿದ್ದೆಯಲ್ಲಿ ಮಾತನಾಡುವನು, ಎಬ್ಬಿಸಬಾರದು, ಹೆದರುವನು. ಮಗನೇ, ಎಲ್ಲಿದ್ದರೂ ಬಾ. ಬೈಯುವುದಿಲ್ಲ." ಕೆಳಗೆ ತಂದೆಯ ಹೆಸರು.

"ಬೈನಿಲ್ಲ ಸಾರ್, ಅದು ನಿಜ" ಎಂದರು ನಂಜಪ್ಪನವರು. "ಸೌದೆ ತಗೊಂಡು ಬಾರಿಸಿದ್ರು, ಅಷ್ಟೆ."

ನಾನು ನಕ್ಕೆ. ಅವರೂ ನಗಲು ಹೋಗಿ ಅರ್ಧಕ್ಕೆ ನಿಂತರು. ಬೆರಳು ಮತ್ತೆ ಮೇಲಿನ ಸಾಲಿಗೆ ಹೋಗಿತ್ತು. "ನಿದ್ದೇಲಿ ಮಾತಾಡ್ತೀನಿ ಅಂತ ನಮ್ಮಪ್ಪಂಗೆ ಎಂಗೆ ಗೊತ್ತು ಸಾರ್? ಅವ್ರು ಮಲಗ್ತಿದ್ದಿದ್ದು ಹೊರಗೆ, ಜಗಲಿ ಮೇಲೆ."

"ಎದ್ದು ಬಂದು ನೋಡ್ತಿದ್ರೇನೋ" ಎಂದೆ.

"ಎಬ್ಬಿಸ್ದೇನೇ?" ಎಂದು ಕೇಳಿ, ಆ ಎಪ್ಪತ್ತರ ಮನುಷ್ಯ ನಮ್ಮ ಹಾಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಹೆಂಡತಿ ಕಾಫಿ ತಂದವಳು ಲೋಟ ಹಿಡಿದೇ ನಿಂತುಬಿಟ್ಟಳು.

ಅವರು ಹೋದಮೇಲೆ, ನಿಜ ಹೇಳಬೇಕೆಂದರೆ, ನನಗೆ ಹೊಟ್ಟೆಕಿಚ್ಚಾಯಿತು. ಅಡುಗೆಮನೆಗೆ ಹೋಗಿ, "ಲೇ, ನಾನು ಕಾಣೆಯಾದರೆ ಗುರುತು ಅಂತ ಏನು ಬರೆಸ್ತೀಯ?" ಎಂದು ಕೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಯಾವಾಗ್ಲೂ 'ಸುಸ್ತು, ಸುಸ್ತು' ಅಂತಿರ್ತಾರೆ ಅಂತ ಬರೆಸ್ಬೇಕು, ಇನ್ನೇನಿದೆ? ಬರೆಸಿದ್ರೆ ಪೀಣ್ಯದಿಂದ ಒಂದು ಬಸ್ಸು ತುಂಬ ಗಂಡಸರನ್ನ ತಂದು ಬಾಗಿಲಿಗೆ ಬಿಟ್ಟು ಹೋಗ್ತಾರೆ."

ಆ ಬಸ್ಸಿನಿಂದ ನನ್ನನ್ನೇ ಇಳಿಸಿಕೊಳ್ಳುತ್ತೀಯಾ ಎಂದು ಕೇಳುವುದಿತ್ತು. ಈ ವಯಸ್ಸಿನಲ್ಲಿ ಅಂಥ ರಿಸ್ಕು ಬೇಡವೆಂದು ಸುಮ್ಮನೆ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತೆ.